ಊರಿಗೊಂದು ಕನ್ನಡದ ಜಾಹೀರಾತು

ಮೈಸೂರು ಸೀಮೆಯಲ್ಲಿ ಅದು ಮುಸುಕಿನ ಜೋಳ. ದಾವಣಗೆರೆ, ಚಿತ್ರದುರ್ಗಕ್ಕೆ ಹೋದರೆ ಮೆಕ್ಕೆಜೋಳ. ಹಾವೇರಿ, ಧಾರವಾಡ ಮುಟ್ಟಿದರೆ ಗೋವಿನಜೋಳ. ಬೆಳೆ ಒಂದೇ. ಬರೀ ಜೋಳ ಅಂದರೆ ಬಿಜಾಪುರದವರಿಗೆ ರೊಟ್ಟಿ ಬಡಿಯುವ ಜೋಳ ಬಿಟ್ಟು ಬೇರೊಂದು ಹೊಳೆಯುವುದಿಲ್ಲ. ಇಷ್ಟನ್ನು ನನಗೆ ಕಲಿಸಿದ್ದು 1983ರ ಮುಂಗಾರಿನಲ್ಲಿ ಹಾವೇರಿಯಿಂದ ಬಂದ ಒಂದು ಪೋಸ್ಟ್‌ಕಾರ್ಡು.

ಆಗ ನಾನು ಬೆಂಗಳೂರಿನ ಗಾಂಧಿನಗರದಲ್ಲಿ ಒಂದು ಜಾಹೀರಾತು ಏಜೆನ್ಸಿಯಲ್ಲಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ದೊಡ್ಡ ದಿನಪತ್ರಿಕೆಗಳನ್ನು ಹಿರಿಯರು ನೋಡಿಕೊಳ್ಳುತ್ತಿದ್ದರು. ಜಿಲ್ಲಾ ಪತ್ರಿಕೆಗಳು, ತಾಲ್ಲೂಕಿನ ವಾರಪತ್ರಿಕೆಗಳು ನನ್ನ ಪಾಲು. ಆಗ ರಾಜ್ಯದಲ್ಲಿ ಇದ್ದದ್ದು 19 ಜಿಲ್ಲೆ. ಜಿಲ್ಲೆಗೆ ಎರಡೋ ಮೂರೋ ಪತ್ರಿಕೆ ಹಿಡಿದರೂ ಒಂದು ಜಾಹೀರಾತನ್ನು ನಾಡಿಗೆಲ್ಲ ಮುಟ್ಟಿಸಬೇಕಾದರೆ ಐವತ್ತು ಲಕೋಟೆಯ ಮೇಲೆ ವಿಳಾಸ ಬರೆಯಬೇಕು. ಆ ವರ್ಷ ಬೀಜದ ಕಂಪನಿಯೊಂದು ಹೈಬ್ರಿಡ್ ಬೀಜದ ಜಾಹೀರಾತು ಕೊಟ್ಟಿತ್ತು. ಬೆಂಗಳೂರಿನಲ್ಲಿ ಕೂತು ಬರೆದ ಮ್ಯಾಟರು, ಹಾಗಾಗಿ ‘ಮುಸುಕಿನ ಜೋಳ’ ಎಂದೇ ಇತ್ತು. ಐವತ್ತು ಲಕೋಟೆಯಲ್ಲೂ ಅದೇ ಹೋಯಿತು. ಎಂಟು ದಿನ ಕಳೆದ ಮೇಲೆ ಹಾವೇರಿಯ ಒಬ್ಬ ಸಂಪಾದಕರ ಕಾರ್ಡು ಬಂತು. ನಮ್ಮ ಕಡೆ ಈ ಹೆಸರು ಹೇಳಿದರೆ ರೈತರಿಗೆ ತಿಳಿಯುವುದಿಲ್ಲ, ಗೋವಿನಜೋಳ ಎಂದು ತಿದ್ದಿ ಅಚ್ಚು ಹಾಕಿದ್ದೇನೆ, ತಪ್ಪು ತಿಳಿಯಬಾರದು ಎಂದು ನೀಲಿ ಶಾಯಿಯಲ್ಲಿ ದುಂಡಗೆ ಬರೆದಿದ್ದರು.

ಕಂಪನಿಯವರು ತಪ್ಪು ತಿಳಿದರು. ತಾವು ಒಪ್ಪಿ ಸಹಿ ಹಾಕಿದ ಮಾತನ್ನು ಬದಲಿಸಲು ಪತ್ರಿಕೆ ಯಾರು ಎಂದು ಕೇಳಿ, ಆ ಒಂದು ಬಿಲ್ಲನ್ನು ಪೂರ್ತಿ ನಿರಾಕರಿಸಿದರು. ನಮ್ಮ ಮ್ಯಾನೇಜರು ವಾದ ಮಾಡಲಿಲ್ಲ. ಬಿಲ್ಲಿನ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದ ಕೈ ನನ್ನದು. ಮೂರು ಕಾಲಂ ಅಗಲ, ಹದಿನಾರು ಸೆಂಟಿಮೀಟರ್ ಎತ್ತರ, ಒಟ್ಟು 48 ಕಾಲಂ ಸೆಂಟಿಮೀಟರ್. ಆ ಸಂಪಾದಕರು ನನಗೆ ಗೊತ್ತಿಲ್ಲದ್ದನ್ನು ಹೇಳಿಕೊಟ್ಟಿದ್ದರು. ಅದಕ್ಕೆ ನಾವು ಕೊಟ್ಟ ಪ್ರತಿಫಲ ಆ ಗೆರೆ. ಅವತ್ತು ಸಂಜೆ ಅವೆನ್ಯೂ ರಸ್ತೆಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡೆ. ಮೊದಲ ಪುಟದಲ್ಲಿ ಜೋಳದ ಮೂರು ಹೆಸರು ಬರೆದೆ.

ಮುಂದೆ ಮೂವತ್ತು ವರ್ಷ ಆ ನೋಟ್‌ಬುಕ್ ತುಂಬುತ್ತಾ ಹೋಯಿತು. ಮೈಸೂರಿನ ಕಡಲೆಕಾಯಿ ಗದಗಕ್ಕೆ ಹೋದರೆ ಶೇಂಗಾ, ಮಂಗಳೂರಿಗೆ ಹೋದರೆ ನೆಲಗಡಲೆ. ಆಲೂಗಡ್ಡೆ ಕರಾವಳಿಯಲ್ಲಿ ಬಟಾಟೆ. ಬೆಳೆಗೆ ಕೀಟನಾಶಕ ಸಿಂಪಡಿಸುವುದನ್ನು ಮಂಡ್ಯದವರು ಔಷಧಿ ಹೊಡೆಯುವುದು ಅನ್ನುತ್ತಾರೆ, ರಾಯಚೂರಿನವರು ಎಣ್ಣೆ ಹೊಡೆಯುವುದು ಅನ್ನುತ್ತಾರೆ, ಪುತ್ತೂರಿನ ಅಡಿಕೆ ತೋಟದವರು ಮದ್ದು ಬಿಡುವುದು ಅನ್ನುತ್ತಾರೆ. ಅಡಿಕೆಯ ಕೊಳೆರೋಗವನ್ನು ಅವರಲ್ಲಿ ಹಲವರು ಕರೆಯುವುದು ಮಹಾಳಿ ಎಂದು. ‘ಸಿಂಪಡಿಸಿ’ ಎಂಬ ಮಾತು ಎಲ್ಲರಿಗೂ ಅರ್ಥವಾಗುತ್ತದೆ, ನಿಜ. ಆದರೆ ಅದು ಯಾರ ಮನೆಯ ಮಾತೂ ಅಲ್ಲ, ಸರ್ಕಾರಿ ಕರಪತ್ರದ ಮಾತು. ತನ್ನ ಹೊಲದ ಮಾತನ್ನು ಪತ್ರಿಕೆಯಲ್ಲಿ ಕಂಡ ರೈತ ಅಲ್ಲಿ ನಿಂತು ಓದುತ್ತಾನೆ. ಇದನ್ನು ನಾನು ಯಾವ ಸಮೀಕ್ಷೆಯಿಂದಲೂ ತಿಳಿದದ್ದಲ್ಲ. ಬಸ್‌ನಿಲ್ದಾಣದ ಕಟ್ಟೆಗಳ ಮೇಲೆ ಜನ ಪತ್ರಿಕೆ ಓದುವುದನ್ನು ನೋಡಿ ತಿಳಿದದ್ದು.

ಊರು ದಾಟಿದ ಪತ್ರಿಕೆಯ ಮಾತು ಬದಲಾಗಬೇಕೆನ್ನುವುದು ಕನ್ನಡದ ಮೊದಲ ಪತ್ರಿಕೆಯಷ್ಟೇ ಹಳೆಯ ಸಂಗತಿ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದರು. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಮರುವರ್ಷ ಅದರ ಮುದ್ರಣ ಬಳ್ಳಾರಿಗೆ ಹೋದಾಗ ಹೆಸರಿನಿಂದ ಮಂಗಳೂರು ಬಿದ್ದುಹೋಗಿ ‘ಕನ್ನಡ ಸಮಾಚಾರ’ ಆಯಿತು. ಬಳ್ಳಾರಿಯವನು ಮಂಗಳೂರಿನ ಸಮಾಚಾರವನ್ನು ಕಾಸು ಕೊಟ್ಟು ಯಾಕೆ ಓದಬೇಕು? ಇಬ್ಬರಿಗೂ ಸಲ್ಲುವ ಹೆಸರು ಕನ್ನಡ ಒಂದೇ ಆಗಿತ್ತು. ಜುಲೈ 1ನ್ನು ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಆ ಹೆಸರು ಬದಲಾದ ದಿನವನ್ನೂ ನೆನೆಯಬೇಕೆಂದು ನನಗೆ ಆಸೆ.

ಆದರೆ ‘ರಾಜ್ಯಕ್ಕೆಲ್ಲ ಜಾಹೀರಾತು’ ಎನ್ನುವ ಮಾತಿಗೆ ಅದಾದ ಮೇಲೂ ನೂರು ವರ್ಷ ಅರ್ಥವೇ ಇರಲಿಲ್ಲ. ರಾಜ್ಯವೇ ಇರಲಿಲ್ಲವಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಮುಂಬಯಿಗೆ ಸೇರಿದ್ದವು, ಮಂಗಳೂರು, ಬಳ್ಳಾರಿ ಮದರಾಸಿಗೆ, ಗುಲಬರ್ಗಾ, ರಾಯಚೂರು, ಬೀದರ್ ನಿಜಾಮರಿಗೆ, ಮೈಸೂರು ಮಹಾರಾಜರದು, ಕೊಡಗು ಬೇರೆ. ಹುಬ್ಬಳ್ಳಿಯ ಅಂಗಡಿಕಾರನ ಮಾಲು ಮುಂಬಯಿಯಿಂದ ಬರುತ್ತಿತ್ತು, ಮಂಗಳೂರಿನವನ ವ್ಯವಹಾರ ಮದರಾಸಿನ ಜೊತೆ. ಆಯಾ ಊರಿನ ಪತ್ರಿಕೆಯ ಜಾಹೀರಾತೂ ಆಯಾ ದಿಕ್ಕಿನಿಂದಲೇ ಬರುತ್ತಿತ್ತು. ಹುಬ್ಬಳ್ಳಿಯಿಂದ ಬರುತ್ತಿದ್ದ ‘ಸಂಯುಕ್ತ ಕರ್ನಾಟಕ’ದ ಹೆಸರಿನಲ್ಲಿ ಇನ್ನೂ ಹುಟ್ಟದ ನಾಡಿತ್ತು. 1948ರಲ್ಲಿ ‘ಪ್ರಜಾವಾಣಿ’ ಶುರುವಾದಾಗಲೂ ಬೆಂಗಳೂರಿಗೆ ಧಾರವಾಡ ಬೇರೆ ಸರ್ಕಾರದ ಊರು. 1956ರ ನವೆಂಬರ್ 1ರಂದು ಎಲ್ಲ ಕೂಡಿದ ಮೇಲೆಯೇ ಬೀದರಿನಿಂದ ಚಾಮರಾಜನಗರದವರೆಗೆ ಒಂದು ಸರ್ಕಾರ, ಒಂದು ವಾರ್ತಾ ಇಲಾಖೆ, ಒಂದು ಜಾಹೀರಾತಿನ ಪಟ್ಟಿ ಸಾಧ್ಯವಾದದ್ದು. ಅಲ್ಲಿಯವರೆಗೆ ತಾನೇ ಒಂದು ರಾಜ್ಯವಾಗಿದ್ದ ಕೊಡಗು ಜಿಲ್ಲೆಯಾಯಿತು. 1957ರಲ್ಲಿ ಮಡಿಕೇರಿಯಿಂದ ‘ಶಕ್ತಿ’ ದಿನಪತ್ರಿಕೆ ಹೊರಟಿತು. ಇಂದಿಗೂ ಬರುತ್ತಿದೆ. ಸಣ್ಣ ಊರುಗಳು ದೊಡ್ಡ ರಾಜ್ಯದೊಳಗೆ ಸೇರಿದಾಗ ತಮ್ಮ ದನಿ ಎಲ್ಲಿ ಮುಳುಗುತ್ತದೋ ಎಂಬ ಕಳವಳ ಇಂಥ ಪತ್ರಿಕೆಗಳ ಹಿಂದೆ ಇತ್ತೆಂದು ನನ್ನ ಎಣಿಕೆ.

ನಾನು ಕೆಲಸಕ್ಕೆ ಬರುವ ಹೊತ್ತಿಗೆ ಅಂಥವು ಪ್ರತಿ ಜಿಲ್ಲೆಯಲ್ಲೂ ಬೇರು ಬಿಟ್ಟಿದ್ದವು. ಮೈಸೂರಿನಲ್ಲಿ ರಾಜಶೇಖರ ಕೋಟಿಯವರ ‘ಆಂದೋಲನ’ ಇತ್ತು. ಅವರು ಅದನ್ನು ಧಾರವಾಡದಲ್ಲಿ ಶುರುಮಾಡಿ ಮೈಸೂರಿಗೆ ತಂದವರು. ದಾವಣಗೆರೆಯಲ್ಲಿ ‘ಜನತಾವಾಣಿ’. ಆಮೇಲೆ ಸುಳ್ಯದಲ್ಲಿ ‘ಸುದ್ದಿ ಬಿಡುಗಡೆ’ ಎಂಬ ವಾರಪತ್ರಿಕೆ ಬಂದು, ಪುತ್ತೂರು, ಬೆಳ್ತಂಗಡಿಗೂ ಬೇರೆ ಬೇರೆ ಆವೃತ್ತಿಯಾಗಿ ಹಬ್ಬಿತು. ಇವುಗಳಲ್ಲಿ ಯಾವುದೂ ಇನ್ನೊಂದರ ಶಾಖೆಯಲ್ಲ. ಜಾಲ ಎಂದು ನಾವು ಕಚೇರಿಯಲ್ಲಿ ಮಾತನಾಡುತ್ತಿದ್ದೆವು, ಆದರೆ ಅದನ್ನು ಹೆಣೆದಿದ್ದ ದಾರ ಅಂಚೆ, ಬಸ್ಸು ಮತ್ತು ಪರಸ್ಪರ ನಂಬಿಕೆ, ಅಷ್ಟೇ.

ಕೆಲಸ ನಡೆಯುತ್ತಿದ್ದ ಬಗೆ ಹೇಳುತ್ತೇನೆ. ಮೊದಲು ಆರ್‌ಓ, ಅಂದರೆ ಯಾವ ತಾರೀಖು, ಯಾವ ಅಳತೆ, ಯಾವ ದರ ಎಂಬ ಆದೇಶದ ಚೀಟಿ. ಅದಕ್ಕೆ ಟೈಪು ಮಾಡಿದ ಮ್ಯಾಟರು ಪಿನ್ನು ಹಾಕಿ ಸೇರಿಸುವುದು. ಚಿತ್ರವೋ ಕಂಪನಿಯ ಮುದ್ರೆಯೋ ಇದ್ದರೆ ಮರದ ಹಲಗೆಗೆ ಮೊಳೆ ಹೊಡೆದು ಕೂರಿಸಿದ ಸತುವಿನ ಬ್ಲಾಕು. ಪತ್ರಿಕೆಗೊಂದು ಬ್ಲಾಕು ಮಾಡಿಸಬೇಕು. ಅಂಚೆಯಲ್ಲಿ ಹೋದರೆ ತಡವಾಗುವ ಊರಿಗೆ ಮಜೆಸ್ಟಿಕ್ಕಿನಲ್ಲಿ ರಾತ್ರಿ ಬಸ್ಸಿನ ಕಂಡಕ್ಟರ್ ಹತ್ತಿರ ಲಗೇಜು ಟಿಕೆಟ್ ಹರಿಸಿ ಕೊಡುವುದು. ಆ ಕಡೆ ಬೆಳಗಿನ ಜಾವ ಪತ್ರಿಕೆಯ ಹುಡುಗ ಸೈಕಲ್ಲಿನಲ್ಲಿ ಬಂದು ಬಸ್ಸಿಗೆ ಕಾಯುತ್ತಿರುತ್ತಿದ್ದ. ರಾಯಚೂರು, ಬೀದರಿನ ಬಸ್ಸುಗಳು ಹೊರಡುವವರೆಗೂ ನಾನು ಪ್ಲಾಟ್‌ಫಾರ್ಮಿನಲ್ಲೇ ನಿಲ್ಲುತ್ತಿದ್ದೆ. ಬಸ್ಸು ಗೇಟು ದಾಟಿದ ಮೇಲೆಯೇ ಮನೆಯ ದಾರಿ.

ಅಲ್ಲಿ ಮ್ಯಾಟರು ತಲುಪಿದ ಮೇಲೆ ಅಚ್ಚಿನ ಅಕ್ಷರದ ಮೊಳೆ ಜೋಡಿಸುವವರ ಕೈಗೆ ಹೋಗುತ್ತಿತ್ತು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಕ್ಕೆ ಒಂದೆರಡು ಪೆಟ್ಟಿಗೆ ಸಾಕು. ಕನ್ನಡಕ್ಕೆ ಗುಣಿತ, ಒತ್ತು ಎಲ್ಲ ಸೇರಿ ನೂರಾರು ಖಾನೆ. ಒಳ್ಳೆಯ ಕಂಪೋಜಿಟರು ಖಾನೆಯನ್ನು ನೋಡುವುದೇ ಇಲ್ಲ. ಕಣ್ಣು ಕಾಗದದ ಮೇಲೆ, ಎಡಗೈಯಲ್ಲಿ ಸ್ಟಿಕ್ಕು, ಬಲಗೈ ತಾನಾಗಿ ಹೋಗಿ ಮೊಳೆ ಹೆಕ್ಕಿ ತರುತ್ತದೆ. ಓದುವುದೂ ತಲೆಕೆಳಗು ಮಾಡಿಕೊಂಡೇ. ಇಂಥವರು ಜಾಹೀರಾತಿನ ಮ್ಯಾಟರನ್ನು ಜೋಡಿಸುವಾಗ ಅದು ಅವರ ಬಾಯಲ್ಲಿ ಒಮ್ಮೆ ಆಡಿ ಬರುತ್ತಿತ್ತು. ‘ಮುಸುಕಿನ ಜೋಳ’ ಎಂದು ಬಂದರೆ ಕೈ ನಿಲ್ಲುತ್ತಿತ್ತು. ಇದೇನ್ರೀ, ಗೋವಿನಜೋಳ ಅಲ್ಲೇನು ಎಂದು ಸಂಪಾದಕರನ್ನು ಕೇಳುತ್ತಿದ್ದರು. ಹಾವೇರಿಯಲ್ಲಿ ಆ ತಿದ್ದುಪಡಿ ಹುಟ್ಟಿದ್ದು ಹೀಗೆಯೇ ಎಂದು ಮುಂದೆ ಆ ಸಂಪಾದಕರೇ ನನಗೆ ಹೇಳಿದರು. ಒಂದು ಜಾಹೀರಾತು ಐವತ್ತು ಊರಿನಲ್ಲಿ ಐವತ್ತು ಸಲ ಹೊಸದಾಗಿ ಜೋಡಣೆಯಾಗುತ್ತಿತ್ತು. ಅಂದರೆ ಐವತ್ತು ಜನ ಅದನ್ನು ಅಕ್ಷರ ಅಕ್ಷರವಾಗಿ ಓದಿ ತಮ್ಮ ಊರಿನ ಕಣ್ಣಿನಿಂದ ಒಮ್ಮೆ ನೋಡುತ್ತಿದ್ದರು.

ಅಚ್ಚಾದ ಮೇಲೆ ವೋಚರ್ ಕಾಪಿ, ಅಂದರೆ ಜಾಹೀರಾತು ಬಂದ ಸಂಚಿಕೆಯ ಒಂದು ಪ್ರತಿ, ಬರಬೇಕು. ಅದು ಬಾರದೆ ಬಿಲ್ಲು ಪಾಸಾಗುವುದಿಲ್ಲ. ಸುತ್ತಿದ ಕಾಗದದ ಪಟ್ಟಿ ಹರಿದು, ಪತ್ರಿಕೆ ಬಿಡಿಸಿ, ಸ್ಟೀಲಿನ ಸ್ಕೇಲು ಇಟ್ಟು ಅಳೆಯುತ್ತಿದ್ದೆ. ಅಂಚಿನ ಗೆರೆಯಿಂದ ಗೆರೆಗೆ. ಅರ್ಧ ಸೆಂಟಿಮೀಟರ್ ಕಡಿಮೆ ಬಿದ್ದರೆ ಅಷ್ಟು ಹಣ ಕಡಿತ. ಏಜೆನ್ಸಿಗೆ ಶೇಕಡಾ 15 ಕಮಿಷನ್ ಹಿಡಿದು ಉಳಿದದ್ದು ಪತ್ರಿಕೆಗೆ. ಹಣ ಹೋಗುವುದು ಎರಡು ತಿಂಗಳಿಗೋ ನಾಲ್ಕು ತಿಂಗಳಿಗೋ. ಕೇಂದ್ರ ಸರ್ಕಾರದ ಜಾಹೀರಾತು ನಿರ್ದೇಶನಾಲಯ ಹತ್ತಾರು ಸಾವಿರ ಪ್ರತಿಯವರೆಗಿನದನ್ನೂ ಸಣ್ಣ ಪತ್ರಿಕೆ ಎಂದು ಕರೆಯುತ್ತಿತ್ತು. ನನ್ನ ಪಟ್ಟಿಯ ಬಹುಪಾಲು ಪತ್ರಿಕೆಗಳಿಗೆ ಆ ಲೆಕ್ಕದಲ್ಲಿ ಸಣ್ಣದು ಎನ್ನುವ ಹೆಸರೂ ದೊಡ್ಡದೇ. ಎರಡು ಸಾವಿರ, ಮೂರು ಸಾವಿರ ಪ್ರತಿ ಅಚ್ಚಾಗುತ್ತಿದ್ದವು. ಸಂಪಾದಕರೇ ಪ್ರೂಫು ನೋಡಿ, ಅವರ ಮನೆಯವರೇ ವಿಳಾಸದ ಪಟ್ಟಿ ಅಂಟಿಸುತ್ತಿದ್ದ ಮನೆಗಳನ್ನು ನಾನು ಬಲ್ಲೆ. ಅಳತೆ ಮಾಡಿದ ಆ ಅರ್ಧ ಸೆಂಟಿಮೀಟರುಗಳು ಯಾರ ಮನೆಯ ಹಾಲಿನ ದುಡ್ಡೆಂದು ತಿಳಿದದ್ದು ಆ ಮನೆಗಳಲ್ಲಿ ಕೂತು ಚಹಾ ಕುಡಿದ ಮೇಲೆ.

ಅವರನ್ನು ನಡೆಸಿದ್ದು ನಮ್ಮ ಬೀಜದ ಜಾಹೀರಾತಲ್ಲ, ಸೋಪಿನದಲ್ಲ. ಊರಿನವರ ಶ್ರದ್ಧಾಂಜಲಿ, ವೈಕುಂಠ ಸಮಾರಾಧನೆ, ಶಿವಗಣಾರಾಧನೆ. ಸಿನಿಮಾ ಟಾಕೀಸಿನ ‘ಇಂದಿನಿಂದ ದಿನಾ 4 ಆಟಗಳು’. ದೀಪಾವಳಿಗೆ ಬಟ್ಟೆ ಅಂಗಡಿಯವರ ಶುಭಾಶಯ. ಅದಕ್ಕಿಂತ ಹೆಚ್ಚಾಗಿ ಕಾನೂನಿನ ಪ್ರಕಟಣೆಗಳು. ಇದರ ಬಗ್ಗೆ ಯಾರೂ ಬರೆಯುವುದಿಲ್ಲ, ಹಾಗಾಗಿ ಸ್ವಲ್ಪ ನಿಲ್ಲುತ್ತೇನೆ.

ಸಿವಿಲ್ ದಾವೆಯಲ್ಲಿ ಪ್ರತಿವಾದಿ ಸಮನ್ಸಿಗೆ ಸಿಗದಿದ್ದರೆ ಪತ್ರಿಕೆಯಲ್ಲಿ ಪ್ರಕಟಿಸಿ ಜಾರಿಮಾಡಬಹುದು. 1976ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ತಿದ್ದುಪಡಿ ಬಂದಾಗ, ಹಾಗೆ ಪ್ರಕಟಿಸುವ ಪತ್ರಿಕೆ ದಿನಪತ್ರಿಕೆಯಾಗಿರಬೇಕು, ಆ ಮನುಷ್ಯ ಕೊನೆಯದಾಗಿ ವಾಸವಿದ್ದ ಪ್ರದೇಶದಲ್ಲಿ ಓದುಗರಿರುವುದಾಗಿರಬೇಕು ಎಂದು ಸೇರಿಸಿದರು. ಹೀಗೆ ಕಾನೂನೇ ಊರಿನ ಪತ್ರಿಕೆಯನ್ನು ಹೆಸರು ಹಿಡಿದು ಕರೆದಂತಾಯಿತು. ಇದಕ್ಕಿಂತ ಭಾರವಾದದ್ದು 1984ರಲ್ಲಿ ಬಂತು. 1894ರ ಭೂಸ್ವಾಧೀನ ಕಾಯ್ದೆಯ 4ನೇ ಕಲಮಿಗೆ ತಿದ್ದುಪಡಿ ಮಾಡಿ, ಜಮೀನು ವಶಕ್ಕೆ ಪಡೆಯುವ ಅಧಿಸೂಚನೆ ಗೆಜೆಟ್ಟಿನಲ್ಲಿ ಬಂದರೆ ಸಾಲದು, ಆ ಪ್ರದೇಶದ ಎರಡು ದಿನಪತ್ರಿಕೆಗಳಲ್ಲಿ ಬರಬೇಕು, ಒಂದಾದರೂ ಪ್ರಾದೇಶಿಕ ಭಾಷೆಯದಾಗಿರಬೇಕು ಎಂದರು. ಗೆಜೆಟ್ಟು, ಪತ್ರಿಕೆ, ಊರಿನಲ್ಲಿ ಹಚ್ಚುವ ನೋಟಿಸು, ಇವುಗಳಲ್ಲಿ ಯಾವುದು ಕೊನೆಗೆ ಬಂತೋ ಆ ತಾರೀಖೇ ಅಧಿಸೂಚನೆಯ ತಾರೀಖು. ಅವತ್ತಿನ ಪೇಟೆ ಬೆಲೆಯೇ ಜಮೀನಿನ ಬೆಲೆಯಾಗಿತ್ತು. ಅವತ್ತಿನಿಂದ ಮೂವತ್ತು ದಿನದೊಳಗೆ ತಕರಾರು ಹಾಕಬೇಕಿತ್ತು. ಆ ಕಾಯ್ದೆ ನಡೆದದ್ದು 2013ರವರೆಗೆ.

ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆ, ಬೀಳಗಿ ಕಡೆಯ ಹಳ್ಳಿಗಳು ಹೋದವು, ಬಾಗಲಕೋಟೆ ಊರಿನ ಒಂದು ಭಾಗವೇ ಹೋಗಿ ನವನಗರ ಹುಟ್ಟಿತು. ಆ ಜಮೀನು ವಶಕ್ಕೆ ಪಡೆಯುತ್ತಿದ್ದ ವರ್ಷಗಳಲ್ಲಿ ಬಿಜಾಪುರ ಜಿಲ್ಲೆಯ ಪತ್ರಿಕೆಗಳನ್ನು ಬಿಡಿಸಿದರೆ ಪುಟಗಟ್ಟಲೆ ಸರ್ವೆ ನಂಬರು. ಗ್ರಾಮ, ಸರ್ವೆ ನಂಬರು, ಹಿಸ್ಸಾ, ಎಕರೆ, ಗುಂಟೆ, ಖಾತೆದಾರರ ಹೆಸರು. ಕಣ್ಣಿಗೆ ಇರುವೆ ಸಾಲಿನಂಥ ಅಚ್ಚು. ಒಂದು ಪ್ರೆಸ್ಸಿನಲ್ಲಿ ಇಂಥ ಪ್ರಕಟಣೆ ಜೋಡಿಸುವಾಗ ಅಂಕಿಯ ಮೊಳೆಗಳು ಮುಗಿದುಹೋಗಿ, ಪಕ್ಕದ ಬೀದಿಯ ಲಗ್ನಪತ್ರಿಕೆ ಅಚ್ಚುಹಾಕುವ ಪ್ರೆಸ್ಸಿನಿಂದ ಅಂಕಿಗಳನ್ನು ಕಡ ತಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಆ ಪುಟದಲ್ಲಿ ಕೆಲವು ಅಂಕಿ ತುಸು ದಪ್ಪ, ಕೆಲವು ತುಸು ತೆಳು.

ಮಾರ್ಚಿನಲ್ಲಿ ಲೆಕ್ಕ ಚುಕ್ತಾ ಮಾಡಲು ನಾನು ಜಿಲ್ಲೆ ಜಿಲ್ಲೆ ಸುತ್ತುತ್ತಿದ್ದೆ. ಒಂದು ವರ್ಷ ಬಾಗಲಕೋಟೆಯಲ್ಲಿ ಒಂದು ಪತ್ರಿಕೆಯ ಕಚೇರಿಯಲ್ಲಿ ಕೂತಿದ್ದಾಗ ಧೋತರ ಉಟ್ಟ, ಹೆಗಲ ಮೇಲೆ ಕಂಬಳಿ ಹಾಕಿದ ಮುದುಕರೊಬ್ಬರು ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು.

“ಸಾಹೇಬ್ರ, ನಮ್ಮ ಹೊಲದ್ದು ಪೇಪರ್‌ನಾಗ ಬಂದಿತ್ತಂತ. ಯಾವತ್ತು ಬಂದದ ನೋಡಿ ಹೇಳ್ರಿ.”

“ಕುಂದ್ರಿ ಯಜಮಾನ್ರ. ಯಾವ ಊರು?” ಎಂದು ಸಂಪಾದಕರು ಎದ್ದು ಗೋಡೆಯ ಕಪಾಟಿನಿಂದ ಬೈಂಡು ಮಾಡಿದ ಫೈಲು ತೆಗೆದರು. ಮುದುಕರು ಊರು ಹೇಳಿದರು, ಸರ್ವೆ ನಂಬರು ಬಾಯಿಪಾಠವಾಗಿ ಹೇಳಿದರು. ಮುಕ್ಕಾಲು ಗಂಟೆ ಹುಡುಕಿದ ಮೇಲೆ ಆ ಸಾಲು ಸಿಕ್ಕಿತು. ಸಂಪಾದಕರು ಬೆರಳಿಟ್ಟು ತೋರಿಸಿದರು. ಮುದುಕರಿಗೆ ಓದು ಬರುತ್ತಿರಲಿಲ್ಲ. ಆದರೂ ಬಗ್ಗಿ, ಆ ಸಾಲಿನ ಮೇಲೆ ತಮ್ಮ ಬೆರಳನ್ನೂ ಇಟ್ಟರು. ಬಹಳ ಹೊತ್ತು ಹಾಗೇ ಇಟ್ಟಿದ್ದರು.

“ಇಷ್ಟಽ ಏನ್ರಿ?” ಎಂದರು.

ಹನ್ನೊಂದು ಎಕರೆ ಹೊಲ ಕಾಲಂ ಅಗಲದ ಒಂದು ಸಾಲಾಗಿತ್ತು. ಸಂಪಾದಕರು ತಾರೀಖನ್ನು ಒಂದು ಚೀಟಿಯಲ್ಲಿ ಬರೆದು, ವಕೀಲರಿಗೆ ಕೊಡ್ರಿ ಎಂದು ಅವರ ಅಂಗಿಯ ಕಿಸೆಗೆ ಇಟ್ಟರು. ರೊಕ್ಕ ತೆಗೆದುಕೊಳ್ಳಲಿಲ್ಲ. ಜಾಹೀರಾತು ಅಂದರೆ ಮಾಲು ಮಾರುವುದು ಎಂದೇ ತಿಳಿದು ಕೆಲಸಕ್ಕೆ ಬಂದವನು ನಾನು. ಒಂದು ಪುಟದ ತಾರೀಖು ಒಂದು ಮನೆಯ ಬದುಕನ್ನು ತೂಗುತ್ತದೆ ಎಂದು ಕಂಡದ್ದು ಅವತ್ತು. ಆ ಊರಿನಲ್ಲಿ ಆ ಪತ್ರಿಕೆ ಇಲ್ಲದಿದ್ದರೆ, ಇದ್ದರೂ ಹಳೆಯ ಸಂಚಿಕೆಗಳನ್ನು ಹೀಗೆ ಕಾದಿಡದಿದ್ದರೆ, ಆ ಮುದುಕರು ಯಾರ ಬಾಗಿಲಿಗೆ ಹೋಗಬೇಕಿತ್ತು?

ಜಿಲ್ಲಾ ಪತ್ರಿಕೆಗಳಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಸಂತಾನಭಾಗ್ಯ, ಗುಪ್ತರೋಗ, ಸಕ್ಕರೆ ಕಾಯಿಲೆಗೆ ಒಂದೇ ವಾರದಲ್ಲಿ ಗುಣ ಎನ್ನುವ ಜಾಹೀರಾತುಗಳು ಅಲ್ಲಿ ಬರುತ್ತಿದ್ದವು. ಇಂಥವನ್ನು ನಿಷೇಧಿಸುವ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ 1954ರಲ್ಲೇ ಬಂದಿತ್ತು. ಆದರೂ ನಿಲ್ಲಲಿಲ್ಲ. ಮುಂಗಡ ನಗದು ಕೊಡುತ್ತಿದ್ದವರು ಆ ಔಷಧಿ ಮಾರುವವರು ಮಾತ್ರ. ನಾಲ್ಕು ತಿಂಗಳು ಕಾಯಿಸುತ್ತಿದ್ದವರು ನಾವು. ಈ ಎರಡು ಮಾತನ್ನೂ ಒಟ್ಟಿಗೆ ಇಟ್ಟು ನೋಡಬೇಕು. ನನ್ನ ಕೈಯಿಂದ ಅಂಥ ಜಾಹೀರಾತು ಹೋಗಲಿಲ್ಲ ಎಂಬ ಸಮಾಧಾನ ನನಗಿದೆ. ಆದರೆ ನಮ್ಮ ಬಾಕಿಯೇ ಪತ್ರಿಕೆಗಳನ್ನು ಆ ಕಡೆ ತಳ್ಳಿತು ಎಂಬ ನೋವೂ ಇದೆ.

ಇನ್ನೊಂದು ದಾರಿ ಇತ್ತು. 1980ರಲ್ಲಿ ಪಿ. ಲಂಕೇಶರು ‘ಲಂಕೇಶ್ ಪತ್ರಿಕೆ’ ಶುರುಮಾಡಿದಾಗ ಜಾಹೀರಾತೇ ಬೇಡ ಎಂದರು. ಓದುಗರ ಕಾಸಿನಲ್ಲೇ ಅದು ಬೀದರಿನಿಂದ ಮಡಿಕೇರಿಯವರೆಗೆ ಹೋಯಿತು. ಜಾಹೀರಾತಿನ ಅನ್ನ ತಿಂದ ನಾನೂ ಪ್ರತಿ ವಾರ ಅದನ್ನು ಕೊಂಡು ಓದುತ್ತಿದ್ದೆ, ಅದರ ಸ್ವಾತಂತ್ರ್ಯವನ್ನು ಕಂಡು ಗೌರವಪಟ್ಟಿದ್ದೇನೆ. ಆದರೆ ಒಂದು ಮಾತು. ಲಂಕೇಶರ ಹೆಸರಿಗೆ ನಾಡೆಲ್ಲ ಓದುಗರಿದ್ದರು. ಬೀಳಗಿಯ ಸರ್ವೆ ನಂಬರನ್ನು ಅಚ್ಚುಹಾಕುವ ಪತ್ರಿಕೆಗೆ ಬೀಳಗಿಯಲ್ಲಷ್ಟೇ ಓದುಗರು. ಜಾಹೀರಾತು ಬಿಟ್ಟರೆ ಅದು ಬದುಕುವ ಹಾಗೇ ಇರಲಿಲ್ಲ.

ಸಣ್ಣ ಪತ್ರಿಕೆಗಳನ್ನು ಕಾನೂನಿನಿಂದ ಕಾಯುವ ಒಂದು ಪ್ರಯತ್ನ ನಾನು ಹುಟ್ಟಿದ ಕಾಲದಲ್ಲೇ ಸೋತಿತ್ತು. 1956ರ ಕಾಯ್ದೆಯೊಂದು ದಿನಪತ್ರಿಕೆಯ ಬೆಲೆಗೂ ಪುಟಕ್ಕೂ ನಂಟು ಹಾಕಿ, ಜಾಹೀರಾತಿನ ಜಾಗಕ್ಕೂ ಮಿತಿ ತರಲು ಹೊರಟಿತ್ತು. ದೊಡ್ಡವರು ಕಡಿಮೆ ಬೆಲೆಗೆ ಹೆಚ್ಚು ಪುಟ ಕೊಟ್ಟು ಸಣ್ಣವರನ್ನು ನುಂಗಬಾರದು ಎನ್ನುವುದು ಅದರ ಉದ್ದೇಶ. ಪುಣೆಯ ‘ಸಕಾಳ’ ಪತ್ರಿಕೆ ಸುಪ್ರೀಂ ಕೋರ್ಟಿಗೆ ಹೋಯಿತು; 1961ರಲ್ಲಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಪತ್ರಿಕೆಯ ಪ್ರಸಾರಕ್ಕೆ ಕೈ ಹಾಕಿದರೆ ವಾಕ್ ಸ್ವಾತಂತ್ರ್ಯಕ್ಕೇ ಕೈ ಹಾಕಿದಂತೆ ಎಂಬುದು ಅದರ ನಿಲುವು. ತೀರ್ಪು ಸರಿಯೇ ಎಂದು ನನಗೂ ಅನಿಸುತ್ತದೆ. ಸಣ್ಣವರ ತಲೆಯ ಮೇಲಿನ ಸೂರು ಹೋದದ್ದಂತೂ ನಿಜ. ಅದರ ಫಲ ಕರ್ನಾಟಕದಲ್ಲಿ ಕಾಣಲು ನಲವತ್ತು ವರ್ಷ ಬೇಕಾಯಿತು.

1997ರಲ್ಲಿ ಏಳು ಹೊಸ ಜಿಲ್ಲೆಗಳಾದವು: ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಉಡುಪಿ, ಚಾಮರಾಜನಗರ. ಜಿಲ್ಲೆಯಾದ ಕಡೆ ಜಿಲ್ಲಾಧಿಕಾರಿ, ಜಿಲ್ಲಾ ಪಂಚಾಯಿತಿ, ಅವರವರ ಟೆಂಡರು. ಹೊಸ ಪತ್ರಿಕೆಗಳು ಮಳೆ ಬಿದ್ದ ಮೇಲಿನ ಹುಲ್ಲಿನಂತೆ ಎದ್ದವು. ನನ್ನ ಪಟ್ಟಿ ಎರಡು ಪಟ್ಟಾಯಿತು. ಎಲ್ಲರೂ ಹಿಗ್ಗಿನಲ್ಲಿದ್ದರು. ಅದಾಗಿ ಎರಡೇ ವರ್ಷಕ್ಕೆ, 1999ರಲ್ಲಿ, ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರರು ‘ವಿಜಯ ಕರ್ನಾಟಕ’ ಶುರುಮಾಡಿದರು. ಪತ್ರಿಕೆಯನ್ನು ಹಲವು ಊರುಗಳಲ್ಲಿ ಅಚ್ಚುಹಾಕಿ, ಬೆಲೆ ಇಳಿಸಿ, ಜಿಲ್ಲೆ ಜಿಲ್ಲೆಯ ಸುದ್ದಿಗೆ ಪುಟ ಕೊಟ್ಟರು. ಉಳಿದ ದೊಡ್ಡ ಪತ್ರಿಕೆಗಳೂ ಅದೇ ದಾರಿ ಹಿಡಿದವು. ಓದುಗರಿಗೆ ಅದರಿಂದ ಆದ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ಹಳ್ಳಿಯ ಚಹಾದಂಗಡಿಗೆ ಬೆಳಗ್ಗೆ ಆರಕ್ಕೇ ಪತ್ರಿಕೆ ಬಂತು. ಆದರೆ ಜಾಹೀರಾತು ಕೊಡುವವರು ಐವತ್ತು ಆರ್‌ಓ ಬರೆಸುವ ಬದಲು ಒಂದೇ ಆರ್‌ಓದಲ್ಲಿ ‘ಎಲ್ಲ ಆವೃತ್ತಿ’ ಎಂದು ಬರೆಸಿದರು. ಕೆಲಸ ಮುಗಿಯಿತು.

ಅಷ್ಟು ಹೊತ್ತಿಗೆ ಮೊಳೆಯೂ ಹೋಗಿತ್ತು. ಆಫ್‌ಸೆಟ್, ಡಿಟಿಪಿ ಬಂದವು. ಜಿಲ್ಲಾ ಪತ್ರಿಕೆಗಳಿಗೆ ಇದು ದೊಡ್ಡ ಉಪಕಾರ. ಮಸಿ ಮೆತ್ತಿದ ಪುಟ ಕಣ್ಣಿಗೆ ಒಪ್ಪುವಂತಾಯಿತು. ಮೊದಮೊದಲು ಸಿ.ಡಿ.ಯಲ್ಲಿ, ಆಮೇಲೆ ಇ-ಮೇಲಿನಲ್ಲಿ ಜಾಹೀರಾತು ಸಿದ್ಧವಾಗಿಯೇ ಹೋಗತೊಡಗಿತು. ಅಲ್ಲಿ ಅದನ್ನು ಯಾರೂ ಜೋಡಿಸಬೇಕಿಲ್ಲ, ಓದಬೇಕಿಲ್ಲ. ಜಾಗದಲ್ಲಿ ಕೂರಿಸಿದರೆ ಆಯಿತು. ಮುಂಬಯಿಯಲ್ಲೋ ದೆಹಲಿಯಲ್ಲೋ ಅನುವಾದವಾಗಿ ಬಂದ ಕನ್ನಡ ಬೀದರಿನಲ್ಲೂ ಅದೇ, ಸುಳ್ಯದಲ್ಲೂ ಅದೇ. ಒಮ್ಮೆ ಬೀಜದ ಇನ್ನೊಂದು ಕಂಪನಿಯ ಸಭೆಯಲ್ಲಿ ನಾನು ನೋಟ್‌ಬುಕ್ ಬಿಚ್ಚಿ, ಹಾವೇರಿಗೆ ಗೋವಿನಜೋಳ ಎಂದು ಬೇರೆ ಮಾಡಿಸೋಣ ಎಂದೆ. ಫೈಲು ಒಂದೇ ಇರಲಿ ಸಾರ್, ಗೊಂದಲ ಬೇಡ ಎಂದರು. ಹುಡುಗರು ಒಳ್ಳೆಯವರು, ಮರ್ಯಾದೆಯಿಂದಲೇ ಹೇಳಿದರು. ನೋಟ್‌ಬುಕ್ ಚೀಲಕ್ಕೆ ಹೋಯಿತು.

ಊರಿನವರ ಜಾಹೀರಾತನ್ನು ಕೊಂಡೊಯ್ದದ್ದು ಮಾತ್ರ ಬೇರೆ ಪತ್ರಿಕೆಯಲ್ಲ, ಫ್ಲೆಕ್ಸು. ಶ್ರದ್ಧಾಂಜಲಿ, ಹುಟ್ಟುಹಬ್ಬ, ‘ಶುಭ ಕೋರುವವರು’ ಎಲ್ಲ ಪತ್ರಿಕೆಯ ಪುಟ ಬಿಟ್ಟು ಸರ್ಕಲ್ಲಿನ ಕಂಬಕ್ಕೆ ಏರಿದವು. ಬಣ್ಣದಲ್ಲಿ, ಆಳೆತ್ತರ, ಗಂಟೆಯೊಳಗೆ ಸಿದ್ಧ. ಟೆಂಡರುಗಳು ಇ-ಪ್ರೊಕ್ಯೂರ್‌ಮೆಂಟಿಗೆ ಹೋಗಿ ಪತ್ರಿಕೆಗೆ ಉಳಿದದ್ದು ನಾಲ್ಕು ಸಾಲು.

ನಿವೃತ್ತನಾದ ಮೇಲೆ, 2014ರಲ್ಲಿ, ಹಾವೇರಿಗೆ ಹೋದೆ. ಆ ಸಂಪಾದಕರು ತೀರಿಕೊಂಡು ಕೆಲವು ವರ್ಷವಾಗಿತ್ತು, ಪತ್ರಿಕೆ ಅದಕ್ಕೂ ಮೊದಲೇ ನಿಂತಿತ್ತು. ಪ್ರೆಸ್ಸಿದ್ದ ಜಾಗದಲ್ಲಿ ಅವರ ಮಗ ಫ್ಲೆಕ್ಸ್ ಪ್ರಿಂಟಿಂಗ್ ಇಟ್ಟಿದ್ದರು. “ಬರ್ರಿ ಬರ್ರಿ, ಅಪ್ಪಾರು ನಿಮ್ಮ ಹೆಸರು ಭಾಳ ಹೇಳ್ತಿದ್ರು” ಎಂದು ಕುರ್ಚಿ ಎಳೆದು ಕೊಟ್ಟರು. ನಾನು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಪಿನ್ನು ಹಾಕಿದ್ದ ಪೋಸ್ಟ್‌ಕಾರ್ಡು ತೆಗೆದು ತೋರಿಸಿದೆ. ಮಗ ಅದನ್ನು ಎರಡು ಸಲ ಓದಿದರು. “ಅಪ್ಪಾರ ಅಕ್ಷರ” ಎಂದರು. 48 ಸೆಂಟಿಮೀಟರಿನ ಬಿಲ್ಲಿನ ಕತೆಯನ್ನು ಹೇಳಿ, ಆ ಹಣವನ್ನು ಲಕೋಟೆಯಲ್ಲಿ ಹಾಕಿ ತಂದಿದ್ದೆ, ಮುಂದಿಟ್ಟೆ. ಅವರು ಮುಟ್ಟಲಿಲ್ಲ. ಕಾರ್ಡು ಇಟ್ಟುಕೊಳ್ಳಲಾ ಎಂದು ಕೇಳಿದರು. ಕೊಟ್ಟೆ.

ಚಹಾ ಬಂತು. ಹಿಂದೆ ಟ್ರೆಡಲ್ ಯಂತ್ರವಿದ್ದ ಮೂಲೆಯಲ್ಲಿ ಫ್ಲೆಕ್ಸ್ ಯಂತ್ರದ ತಲೆ ಅತ್ತಿಂದಿತ್ತ ಓಡಾಡುತ್ತಿತ್ತು, ಬ್ಯಾನರು ಅಂಗುಲ ಅಂಗುಲವಾಗಿ ಕೆಳಗೆ ಇಳಿಯುತ್ತಿತ್ತು. ಮೊದಲು ಹಳದಿ ತೆನೆಯ ಚಿತ್ರ ಬಂತು. ಆಮೇಲೆ ಕೆಂಪು ಅಕ್ಷರದ ಮೇಲ್ತುದಿಗಳು, ತಲೆಕಟ್ಟು, ಕೊನೆಗೆ ಪೂರ್ತಿ ಸಾಲು. ಎಪಿಎಂಸಿ ವರ್ತಕರೊಬ್ಬರ ಬ್ಯಾನರು: ‘ಗೋವಿನಜೋಳ ಖರೀದಿಸಲಾಗುವುದು’.